ಜ್ವರಕ್ಕೆ ಫಿಟ್ಸ್ ಬಂದಿದ್ದ ಮಗು, ಹೆದರುವ ಡೇಕೇರ್: ಏನಂತ ಬರೆದುಕೊಡಲಿ?

ವಾಕಡ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನಾವು ಗದಗಿನವರು, ಈಗ ಪುಣೆಯ ವಾಕಡ್‌ನಲ್ಲಿದ್ದೇವೆ. ಮಗನಿಗೆ ಎರಡೂವರೆ ವರ್ಷ, ತೂಕ 12 ಕೆಜಿ. ನನ್ನ ಆಫೀಸು ಹಿಂಜವಡಿ ಐಟಿ ಪಾರ್ಕ್‌ನ ಫೇಸ್ 3ರಲ್ಲಿ. ನಮ್ಮವರದು ಚಾಕಣ್‌ನಲ್ಲಿ ಶಿಫ್ಟ್ ಕೆಲಸ, ಡ್ಯೂಟಿ ಹೊತ್ತಲ್ಲಿ ಫೋನ್ ಲಾಕರ್‌ನಲ್ಲಿರುತ್ತೆ.

ಹೋದ ವರ್ಷ ಜ್ವರ ಏರಿದಾಗ ಮಗನಿಗೆ ಫಿಟ್ಸ್ ಬಂದಿತ್ತು. ಎರಡು ನಿಮಿಷದೊಳಗೆ ನಿಂತಿತು. ಡಾಕ್ಟರ್ ನೋಡಿ, ಇದು ಜ್ವರದ ಫಿಟ್ಸ್, ಮೂರ್ಛೆರೋಗ ಅಲ್ಲ, ಐದಾರು ವರ್ಷ ಆಗುವಷ್ಟರಲ್ಲಿ ತಾನಾಗೇ ಹೋಗುತ್ತೆ ಎಂದರು. ಮೂಗಿಗೆ ಹೊಡೆಯುವ ಮಿಡಾಝೋಲಾಮ್ ಸ್ಪ್ರೇ ಬರೆದುಕೊಟ್ಟರು. ಐದು ನಿಮಿಷವಾದರೂ ನಿಲ್ಲದಿದ್ದರೆ ಮಾತ್ರ ಅಂತ.

ಡೇಕೇರ್‌ನಲ್ಲಿ ಸೇರಿಸುವಾಗಲೇ ಇದನ್ನೆಲ್ಲ ಹೇಳಿದ್ದೆ. ಆಗ ಮೇಡಂ "ಏನೂ ಚಿಂತೆ ಮಾಡಬೇಡಿ" ಎಂದಿದ್ದರು. ಈ ಮಳೆಗಾಲದಲ್ಲಿ ಎಚ್‌ಎಫ್‌ಎಂಡಿ, ಅದೇ ಕೈ-ಕಾಲು-ಬಾಯಿಗೆ ಗುಳ್ಳೆ ಬರುತ್ತಲ್ಲ ಅದು, ಒಬ್ಬರಿಂದ ಒಬ್ಬರಿಗೆ ಹತ್ತಿ ಅರ್ಧ ಡೇಕೇರ್ ಖಾಲಿಯಾಯಿತು. ಆಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಹೊಸ ನಿಯಮ ಬಂತು. ಮೂಗು ಸೋರುತ್ತಿದ್ದರೂ ಕಳಿಸಬೇಡಿ. ಮೈ ಬಿಸಿಯಾದರೆ ಅರ್ಧ ಗಂಟೆಯಲ್ಲಿ ಬಂದು ಕರೆದುಕೊಂಡು ಹೋಗಿ. ಯಾವ ಔಷಧಿಯನ್ನೂ ನಾವು ಕೊಡುವುದಿಲ್ಲ.

ಈ ಟ್ರಾಫಿಕ್‌ನಲ್ಲಿ ಹಿಂಜವಡಿಯಿಂದ ಅರ್ಧ ಗಂಟೆಯಲ್ಲಿ ವಾಕಡ್ ಮುಟ್ಟಿದವರು ಯಾರಾದರೂ ಇಲ್ಲಿದ್ದರೆ ಮುಂದೆ ಬನ್ನಿ, ಕಾಲಿಗೆ ಬೀಳುತ್ತೇನೆ.

ಹೋದ ವಾರ ಊಟದ ಹೊತ್ತಿಗೆ ಫೋನ್ ಬಂತು, 101 ಜ್ವರ. ನಾನು ಹೋಗುವಷ್ಟರಲ್ಲಿ ಮಗನನ್ನು ಆಫೀಸ್ ಕೋಣೆಯಲ್ಲಿ ಒಬ್ಬನೇ ಕೂರಿಸಿದ್ದರು. ಬ್ಯಾಗು ಪ್ಯಾಕ್ ಆಗಿತ್ತು, ಶೂ ಹಾಕಿಸಿದ್ದರು. ನೀರಿನ ಬಾಟಲಿ ಬ್ಯಾಗಿನೊಳಗೇ ಇತ್ತು, ಬೆಳಿಗ್ಗೆ ತುಂಬಿಸಿದ್ದು ಇಳಿದಿರಲಿಲ್ಲ. ಅವನನ್ನು ಮುಟ್ಟಲೂ ಹೆದರಿದ್ದರು ಅನಿಸುತ್ತೆ. ಪುಣ್ಯಕ್ಕೆ ವೈರಲ್ ಜ್ವರ, ಬೇಗ ಇಳಿಯಿತು.

ಈಗ ಅವರು "ಏನಾದರೂ ಆದರೆ ಡೇಕೇರ್ ಜವಾಬ್ದಾರಿ ಅಲ್ಲ" ಅಂತ ಬರೆದುಕೊಡಿ, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಎನ್ನುತ್ತಿದ್ದಾರೆ. ಸಹಿ ಹಾಕಲಾ? ನಾನು ಅವರಿಂದ ಏನನ್ನು ಕೇಳಬಹುದು? ಇನ್ನೊಂದು, ರಾತ್ರಿ ನಿದ್ದೆ ಕೆಡಿಸುತ್ತಿರುವುದು ಇದೇ: ಮೈ ಬಿಸಿಯಾದ ಕೂಡಲೇ ಸಿರಪ್ ಕೊಡದಿದ್ದರೆ ಫಿಟ್ಸ್ ಬಂದುಬಿಡುತ್ತಾ?

ಕೆಲಸ ಬಿಡು ಅನ್ನುವ ಸಲಹೆ ಬೇಡ. ಅದು ಗದಗಿನಿಂದ ದಿನಾ ಫೋನಿನಲ್ಲಿ ಬರುತ್ತಿದೆ.


ಪಿಂಪಳೆ ಸೌದಾಗರ್ ಅಪ್ಪ:

ಸಹಿ ಹಾಕಬೇಡಿ ಮೇಡಂ. ತಿಂಗಳಿಗೆ ಅಷ್ಟು ಫೀಸ್ ತೆಗೆದುಕೊಂಡು ನೀರೂ ಕುಡಿಸದವರಿಗೆ ಇನ್ನೇನು ಬರೆದುಕೊಡುವುದು?

ನಿಮ್ಮ ಕಂಪನಿ ಎಚ್‌ಆರ್ ಹತ್ತಿರ ಒಮ್ಮೆ ಕೇಳಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಾಗಿನಿಂದ 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಕ್ರೆಶ್, ಅಂದರೆ ನೌಕರರ ಮಕ್ಕಳನ್ನು ನೋಡಿಕೊಳ್ಳುವ ಸೌಲಭ್ಯ, ಕೊಡಲೇಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು. ನಮ್ಮ ಆಫೀಸಿನವರು ಹತ್ತಿರದ ಡೇಕೇರ್ ಜೊತೆ ಟೈಅಪ್ ಮಾಡಿಕೊಂಡಿದ್ದಾರೆ. ಮಗು ಫೇಸ್ 3ರಲ್ಲೇ ಇದ್ದರೆ ಟ್ರಾಫಿಕ್ ರಗಳೆಯೇ ಇಲ್ಲ.


ಕೋಥರೂಡ್ ಆಜಿ:

ತಂಗೀ, ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದೆ. ಮನೆಯ ಕೆಳಗಿನ ಎರಡು ಕೋಣೆಯಲ್ಲಿ ಪಾಳಣಾಘರ, ಅಂದರೆ ಡೇಕೇರ್, ನಡೆಸುತ್ತೇನೆ. ಮೊದಮೊದಲು ನನ್ನ ಹತ್ತಿರ ಇದ್ದ ಮಕ್ಕಳು ಈಗ ಇಂಜಿನಿಯರಿಂಗ್ ಓದುತ್ತಿದ್ದಾರೆ. ಇಲ್ಲಿ ಎಲ್ಲರೂ ಅಪ್ಪ-ಅಮ್ಮಂದಿರೇ, ಡೇಕೇರ್ ಕಡೆಯಿಂದ ಮಾತಾಡುವವರು ಒಬ್ಬರೂ ಇಲ್ಲ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ನಿನ್ನ ನಿದ್ದೆ ಕೆಡಿಸಿದ ಪ್ರಶ್ನೆ. ಪ್ಯಾರಾಸಿಟಮಾಲ್ ಕೊಟ್ಟರೆ ಮಗುವಿಗೆ ಮೈಕೈ ನೋವು ಕಡಿಮೆಯಾಗುತ್ತೆ, ಒಂದಿಷ್ಟು ನೀರು ಕುಡಿಯುತ್ತೆ, ಆಡುತ್ತೆ. ಆದರೆ ಅದು ಜ್ವರದ ಫಿಟ್ಸ್ ತಡೆಯುವುದಿಲ್ಲ. ನನಗೆ ಇದನ್ನು ಮಕ್ಕಳ ಡಾಕ್ಟರೇ ಕೂರಿಸಿಕೊಂಡು ಹೇಳಿದ್ದು, ನಿನ್ನ ಡಾಕ್ಟರನ್ನೂ ಕೇಳು. ಎಷ್ಟೋ ಸಲ ಮೈ ಬಿಸಿ ಗೊತ್ತಾಗುವ ಮೊದಲೇ ಫಿಟ್ಸ್ ಬಂದಿರುತ್ತೆ. ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಇದು ಬರುತ್ತೆ. ಒಮ್ಮೆ ಬಂದವರಲ್ಲಿ ಮೂರರಲ್ಲಿ ಒಬ್ಬರಿಗೆ ಮತ್ತೆ ಬರಬಹುದು. ಆದ್ದರಿಂದ ಸಿರಪ್ ಕೊಟ್ಟರಾ ಇಲ್ಲವಾ ಅಂತ ಮೇಡಂ ಜೊತೆ ಜಗಳ ಆಡಬೇಡ. ಜಗಳ ಆಡುವುದಾದರೆ ಫಿಟ್ಸ್ ಬಂದ ಆ ಐದು ನಿಮಿಷದ ಬಗ್ಗೆ ಆಡು.

ನೀನು ಮೇಡಂಗೆ ಹೇಳಿದ್ದೀಯ. ಸರಿ. ಆದರೆ ಮಧ್ಯಾಹ್ನ ಒಂದೂವರೆಗೆ ಮಕ್ಕಳೆಲ್ಲ ಮಲಗಿದಾಗ ಅಲ್ಲಿ ಇರುವವಳು ಮೇಡಂ ಅಲ್ಲ, ಮಾವಶಿ, ಅದೇ ಮಕ್ಕಳನ್ನು ನೋಡಿಕೊಳ್ಳುವ ಆಯಾ. ಮೇಡಂ ಬ್ಯಾಂಕಿಗೆ ಹೋಗಿರುತ್ತಾರೆ, ಇಲ್ಲ ಅಡ್ಮಿಷನ್‌ಗೆ ಬಂದವರ ಜೊತೆ ಮಾತಾಡುತ್ತಿರುತ್ತಾರೆ. ನಿನ್ನ ಇಂಗ್ಲಿಷ್ ಪತ್ರ ಫೈಲಿನಲ್ಲಿ, ಫೈಲು ಕಪಾಟಿನಲ್ಲಿ, ಕೀಲಿ ಮೇಡಂ ಪರ್ಸಿನಲ್ಲಿ. ಮಗುವಿನ ಕಣ್ಣು ಮೇಲೆ ಸಿಕ್ಕಿಕೊಂಡಾಗ ಮಾವಶಿ ಏನು ಮಾಡಬೇಕು? ಅವಳಿಗೆ ಯಾರೂ ಏನೂ ಹೇಳಿಲ್ಲ. ಅವಳು ಮುಟ್ಟಲು ಹೆದರಿದ್ದರಲ್ಲಿ ಏನು ತಪ್ಪು?

ನನ್ನಲ್ಲೂ ಇಂಥ ಒಂದು ಮಗು ಇತ್ತು. ಅದರ ಅಮ್ಮ ಬೆಳಗಾವಿಯವಳು, ಮರಾಠಿ ಚೆನ್ನಾಗಿ ಬರುತ್ತಿತ್ತು. ಅವಳು ಪತ್ರ ಗಿತ್ರ ಏನೂ ತರಲಿಲ್ಲ. ಒಂದು ಹಾಳೆಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ಮರಾಠಿಯಲ್ಲಿ ನಾಲ್ಕೇ ನಾಲ್ಕು ಸಾಲು ಬರೆದು ತಂದಳು. ಘಡ್ಯಾಳ ಬಘಾ. ಕುಶೀವರ ಝೋಪವಾ. ತೋಂಡಾತ ಕಾಹೀ ಘಾಲೂ ನಕಾ. ಪಾಚ ಮಿನಿಟೇ ಝಾಲೀ ಕೀ ಸ್ಪ್ರೇ, ಆಣಿ 108. ಗಡಿಯಾರ ನೋಡಿ, ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಐದು ನಿಮಿಷವಾದರೆ ಸ್ಪ್ರೇ ಮತ್ತು 108. ಕೆಳಗೆ ತನ್ನ ನಂಬರು, ಗಂಡನ ನಂಬರು. ಅದನ್ನು ಫ್ರಿಜ್ ಮೇಲೆ ಅಂಟಿಸಿದೆವು.

ಆಮೇಲೆ ಒಂದು ಗೊಂಬೆ ತೆಗೆದುಕೊಂಡು ನನ್ನ ಮಾವಶಿಯ ಕೈಲಿ ಮಾಡಿಸಿ ನೋಡಿದಳು. ಮಾವಶಿ ಗೊಂಬೆಯನ್ನು ಚಾಪೆ ಮೇಲೆ ಇಟ್ಟು ಸೀದಾ ಅಡುಗೆಮನೆಗೆ ನಡೆದಳು. ಎಲ್ಲಿಗೆ ಅಂದರೆ, "ಕಾಂದಾ ಆಣತೇ." ಈರುಳ್ಳಿ ಜಜ್ಜಿ ಮೂಸಿಸುವುದು ಅವಳ ಊರಿನ ಪದ್ಧತಿ. ನಮ್ಮ ಕಡೆ ಚಪ್ಪಲಿ, ಕಬ್ಬಿಣದ ಕೀಲಿ ಇಲ್ವಾ, ಹಾಗೆ. ಹತ್ತು ಸಲ ಬಾಯಲ್ಲಿ ಹೇಳಿದರೂ ನನಗೆ ಈ ಈರುಳ್ಳಿ ವಿಷಯ ಗೊತ್ತಾಗುತ್ತಲೇ ಇರಲಿಲ್ಲ. ಗೊಂಬೆ ಇಟ್ಟು ಮಾಡಿಸಿದ್ದಕ್ಕೆ ಗೊತ್ತಾಯಿತು. ಆ ಅಮ್ಮ ನಗಲಿಲ್ಲ, ಬೈಯಲೂ ಇಲ್ಲ. "ಈರುಳ್ಳಿ ತರಲು ಹೋದರೆ ಗಡಿಯಾರ ನೋಡುವವರು ಯಾರು ಮಾವಶಿ?" ಅಂದಳು. ಅಷ್ಟೇ ಸಾಕಾಯಿತು.

ಕೈಕಾಲು ಅದುಮಿ ಹಿಡಿಯಬಾರದು, ಹಲ್ಲಿನ ನಡುವೆ ಚಮಚ ತುರುಕಬಾರದು, ನೀರು ಹಾಕಬಾರದು, ಸಿರಪ್ ಅಂತೂ ಆ ಹೊತ್ತಿಗೆ ಬೇಡವೇ ಬೇಡ. ಫಿಟ್ಸ್ ನಿಂತ ಮೇಲೆ ಮಗು ಮಂಕಾಗಿ ನಿದ್ದೆ ಮಾಡುತ್ತೆ, ಅದಕ್ಕೂ ಹೆದರುತ್ತಾರೆ, ಅದನ್ನೂ ಮೊದಲೇ ಹೇಳಿಡು. ಮತ್ತೆ ಶುರುವಾದರೆ, ಮಗು ಎಚ್ಚರಕ್ಕೆ ಬರದಿದ್ದರೆ, ಉಸಿರಾಟ ಸರಿ ಕಾಣದಿದ್ದರೆ ಐದು ನಿಮಿಷ ಕಾಯಬಾರದು, ಸೀದಾ ಆಸ್ಪತ್ರೆ. ಸ್ಪ್ರೇ ಯಾವ ಮೂಗಿನ ಹೊಳ್ಳೆಗೆ ಎಷ್ಟು ಸಲ ಅನ್ನುವುದನ್ನು ಡಾಕ್ಟರ್ ತೂಕ ನೋಡಿ ಚೀಟಿಯಲ್ಲಿ ಬರೆದಿರಬೇಕು. ಬಾಟಲಿ ಜೊತೆಗೇ ರಬ್ಬರ್ ಬ್ಯಾಂಡ್ ಹಾಕಿ ಆ ಚೀಟಿ ಇಡು. ಮಕ್ಕಳ ಕೈಗೆ ಸಿಗದ ಜಾಗ, ಆದರೆ ಬೀಗ ಇಲ್ಲದ ಜಾಗ.

ಈಗ ಸಿರಪ್. ಡೇಕೇರ್‌ನವರು ಔಷಧಿ ಕೊಡಲ್ಲ ಅನ್ನುವುದಕ್ಕೆ ಕಾರಣ ಇದೆ. ಪ್ಯಾರಾಸಿಟಮಾಲ್ ಒಂದೇ ಥರ ಬರುವುದಿಲ್ಲ. 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದು ಒಂದು, 250 ಇರುವುದು ಇನ್ನೊಂದು, ಎಳೆ ಮಕ್ಕಳ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಒಂದು ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ನಿನ್ನ ಮಗನ 12 ಕೆಜಿಗೆ 180 ಮಿಲಿಗ್ರಾಂ ಆಯಿತು. ಅದು ಒಂದು ಬಾಟಲಿಯಲ್ಲಿ ಏಳೂವರೆ ಎಂಎಲ್, ಇನ್ನೊಂದರಲ್ಲಿ 3.6, ಡ್ರಾಪ್ಸ್‌ನಲ್ಲಿ 1.8. "ಒಂದು ಮುಚ್ಚಳ ಕೊಡಿ ಆಂಟಿ" ಅಂತ ಹೇಳಿ ಓಡುವ ಅಪ್ಪಂದಿರಿಗೆ ನಾನು ಇದನ್ನು ಹೇಗೆ ಬಿಡಿಸಿ ಹೇಳಲಿ? ನಾನು ಮಾಡುವುದು ಇಷ್ಟು. ಪ್ರತಿ ಮಗುವಿಗೆ ಅದರದೇ ಬಾಟಲಿ, ಅದರದೇ ಸೂಜಿ ಇಲ್ಲದ ಸಿರಿಂಜು. ಡಾಕ್ಟರ್ ಬರೆದ ಅಳತೆಗೆ ಸಿರಿಂಜಿನ ಮೇಲೆ ಕೆಂಪು ನೇಲ್ ಪಾಲಿಶ್ ಗೆರೆ. ಮಾವಶಿ ನಂಬರು ಓದಬೇಕಿಲ್ಲ, ಗೆರೆ ತನಕ ಎಳೆದರೆ ಸಾಕು. ಮಗುವಿನ ತೂಕ ಏರಿದಾಗ ಅಮ್ಮ ಹಳೇ ಗೆರೆ ಅಳಿಸಿ ಹೊಸದು ಹಾಕುತ್ತಾಳೆ.

ಇನ್ನು ಅಮ್ಮ-ಅಪ್ಪಂದಿರ ಬಗ್ಗೆ ಒಂದು ಮಾತು, ಬೇಜಾರಾಗಬೇಡಿ. ಬೆಳಿಗ್ಗೆ ಎಂಟಕ್ಕೆ ಸಿರಪ್ ಕುಡಿಸಿ, ಮುಖ ತೊಳೆಸಿ, ಪೌಡರ್ ಹಚ್ಚಿ ಮಗುವನ್ನು ಬಿಟ್ಟು ಹೋಗುತ್ತಾರೆ. ಹನ್ನೆರಡೂವರೆಗೆ ಸಿರಪ್ ಇಳಿಯಿತು, ಜ್ವರ ಏರಿತು. ಆಗ ಫೋನ್ ಮಾಡಿದರೆ "ಬೆಳಿಗ್ಗೆ ಚೆನ್ನಾಗೇ ಇದ್ದನಲ್ಲ" ಅನ್ನುತ್ತಾರೆ. ಒಂದು ಡೋಸಿಗೂ ಇನ್ನೊಂದಕ್ಕೂ ನಾಲ್ಕರಿಂದ ಆರು ಗಂಟೆ ಅಂತರ ಬೇಕು. ಬೆಳಿಗ್ಗೆ ಕೊಟ್ಟದ್ದೇ ನನಗೆ ಗೊತ್ತಿಲ್ಲದಿದ್ದರೆ ನಾನು ಹೇಗೆ ಕೊಡಲಿ? ಬಾಗಿಲಲ್ಲಿ ನಾನು ಕೇಳುವುದು ಒಂದೇ ಪ್ರಶ್ನೆ: ಇವತ್ತು ಏನು ಕೊಟ್ಟಿದ್ದೀರಿ, ಎಷ್ಟು ಗಂಟೆಗೆ? ನಿಜ ಹೇಳಿದವರ ಮಗುವನ್ನು ನಾನು ವಾಪಸ್ ಕಳಿಸಿದ್ದಕ್ಕಿಂತ ಇಟ್ಟುಕೊಂಡಿದ್ದೇ ಜಾಸ್ತಿ. ನಿನ್ನ ಮೇಡಂ ಇಷ್ಟು ಬಿಗಿಯಾಗಲು ಯಾರೋ ನಾಲ್ಕು ಜನ ಹೀಗೆ ಮಾಡಿರುತ್ತಾರೆ ನೋಡು.

ಆದರೆ ಮೂಗು ಸೋರಿದರೂ ಬೇಡ ಅನ್ನುವುದು ತಮಾಷೆ. ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತ ಆಗುವುದು ಮಾಮೂಲು, ಗುಂಪಿನಲ್ಲಿ ಬೆಳೆಯುವವರಿಗೆ ಇನ್ನೂ ಜಾಸ್ತಿ. ಆ ಲೆಕ್ಕದಲ್ಲಿ ನಾನು ಜೂನ್‌ನಲ್ಲಿ ಬೀಗ ಹಾಕಿ ಗಣಪತಿ ಮುಗಿದ ಮೇಲೆ ತೆಗೆಯಬೇಕು. ನಾನು ಮನೆಗೆ ಕಳಿಸುವುದು 100.4 ದಾಟಿದ ಜ್ವರಕ್ಕೆ, ವಾಂತಿ-ಭೇದಿಗೆ, ಆಡದೆ ಕುಡಿಯದೆ ಮೂಲೆ ಹಿಡಿದ ಮಗುವಿಗೆ. ಉಸಿರು ಜೋರಾಗಿದೆ ಅನಿಸಿದರೆ ಅಂಗಿ ಎತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ವರ್ಷ ತುಂಬಿದ ಮಗುವಿಗೆ ನಲವತ್ತು, ಅದಕ್ಕಿಂತ ಸಣ್ಣದಕ್ಕೆ ಐವತ್ತು ಮುಟ್ಟಿದರೆ, ಇಲ್ಲ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಅಮ್ಮನಿಗೆ ಫೋನ್ ಮಾಡಿ ಸೀದಾ ಡಾಕ್ಟರ್ ಹತ್ತಿರ ಬಾ ಅನ್ನುತ್ತೇನೆ, ಮನೆಗೆ ಅಲ್ಲ.

ಕಾಯುವಾಗ ಮಗುವನ್ನು ಒಂಟಿ ಕೋಣೆಗೆ ಹಾಕುವುದು ಮಾತ್ರ ಸಲ್ಲದು. ಫಿಟ್ಸ್ ಬರುವ ಮಗುವನ್ನಂತೂ ಕಣ್ಣ ಮುಂದೆಯೇ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಅಡುಗೆಮನೆ ಬಾಗಿಲ ಪಕ್ಕ ಒಂದು ಸಣ್ಣ ಗಾದಿ ಇದೆ. ಬೇರೆ ಮಕ್ಕಳಿಂದ ದೂರ, ನಮ್ಮ ಕಣ್ಣಿಗೆ ಹತ್ತಿರ. ಅಲ್ಲಿ ಕೂತು ಗುಟುಕು ಗುಟುಕಾಗಿ ನೀರು, ಭೇದಿ ಇದ್ದರೆ ಓಆರ್‌ಎಸ್. 2025ರ ಜನವರಿಯಲ್ಲಿ ಸಿಂಹಗಡ ರಸ್ತೆ ಕಡೆ ಜಿಬಿಎಸ್, ಅದೇ ಕೈಕಾಲು ಸೋಲುವ ನರದ ಕಾಯಿಲೆ, ಕೆಟ್ಟ ನೀರಿನಿಂದ ಬಂತು ಅಂತ ಗಲಾಟೆ ಆದಾಗಿನಿಂದ ನಾನು ಕುದಿಸದ ನೀರು ಮಕ್ಕಳಿಗೆ ಕೊಟ್ಟಿಲ್ಲ, ಫಿಲ್ಟರ್ ಇದ್ದರೂ.

ಸಹಿ ಬಗ್ಗೆ. ಅವರ ಆ ವಾಕ್ಯಕ್ಕೆ ಸಹಿ ಹಾಕಬೇಡ, ಬದಲಿಗೆ ನಿನ್ನದೇ ಹಾಳೆ ಕೊಡು. ಈ ಔಷಧಿ, ಇಷ್ಟು ಅಳತೆ, ಇಂಥ ಹೊತ್ತಲ್ಲಿ ಕೊಡಲು ನನ್ನ ಒಪ್ಪಿಗೆ ಇದೆ. ನಾವು ಫೋನ್ ಎತ್ತದಿದ್ದರೆ ನಮ್ಮನ್ನು ಕಾಯದೆ ಇಂಥ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಖರ್ಚು ನಮ್ಮದು. ನಾನು ಬರುವವರೆಗೆ ಇಂಥವರು ಬಂದು ಕರೆದುಕೊಂಡು ಹೋಗಬಹುದು, ಅವರ ಫೋಟೊ ಇದು. ಪಕ್ಕದ ಮನೆಯ ಕಾಕೂ ಯಾರಾದರೂ ಇರುತ್ತಾರಲ್ಲ ನಿಮ್ಮ ಸೊಸೈಟಿಯಲ್ಲಿ? ಅರ್ಧ ಗಂಟೆಯ ಗಂಟು ಬಿಚ್ಚುವುದು ಅಲ್ಲಿ. ಹೆದರಿದ ಮೇಡಂಗೆ ಬೇಕಾಗಿರುವುದು ನಿನ್ನ ಒಪ್ಪಿಗೆ, ಅದನ್ನು ಅವರು ಬೇರೆ ಭಾಷೆಯಲ್ಲಿ ಕೇಳುತ್ತಿದ್ದಾರೆ ಅಂದುಕೋ.


ಠಾಣೆ ಘೋಡ್‌ಬಂದರ್:

ಆಜಿ ಹೇಳಿದ ಹಾಳೆಗೆ ನನ್ನದೂ ಒಂದು ಓಟು. ನಾವು ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದೆವು, ಮಗಳು ಅಲ್ಲಿಯ ನರ್ಸರಿಗೆ ಹೋಗುತ್ತಿದ್ದಳು. ಅಲ್ಲಿ ಸಣ್ಣ ಮಕ್ಕಳ ನರ್ಸರಿಗಳಿಗೆ ಸರ್ಕಾರದ್ದೇ ಕಡ್ಡಾಯ ನಿಯಮ ಇದೆ. ಒಂದೊಂದು ಔಷಧಿಗೂ ಬೇರೆ ಬೇರೆ ಲಿಖಿತ ಒಪ್ಪಿಗೆ ಬೇಕು. ಕೊಟ್ಟ ಪ್ರತಿ ಸಲ ಬರೆದಿಡಬೇಕು, ಅವತ್ತೇ ಪೋಷಕರಿಗೆ ತಿಳಿಸಬೇಕು. ಮಕ್ಕಳು ಇರುವಷ್ಟು ಹೊತ್ತೂ ಸಣ್ಣ ಮಕ್ಕಳ ಪ್ರಥಮ ಚಿಕಿತ್ಸೆ ಕಲಿತವರು ಒಬ್ಬರಾದರೂ ಕಟ್ಟಡದಲ್ಲಿ ಇರಲೇಬೇಕು. ಸಂಜೆ ಮಗಳ ಜೊತೆ ಒಂದು ಚೀಟಿ ಬರುತ್ತಿತ್ತು: ಎಷ್ಟಕ್ಕೆ ಜ್ವರ ನೋಡಿದೆವು, ಎಷ್ಟಿತ್ತು, ಏನು ಕೊಟ್ಟೆವು.

ವಾಂತಿ-ಭೇದಿ ಆದರೆ ನಿಂತ ಮೇಲೆ 48 ಗಂಟೆ ಮನೆಯಲ್ಲೇ ಇರಬೇಕು, ಅದರಲ್ಲಿ ರಿಯಾಯ್ತಿ ಇಲ್ಲ. ಸೀತಾಳೆ ಸಿಡುಬಿಗೆ ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ. ಆದರೆ ಎಚ್‌ಎಫ್‌ಎಂಡಿ ಬಂದ ಮಗು ಗೆಲುವಾಗಿದ್ದರೆ ಕಳಿಸಬಹುದು ಎನ್ನುತ್ತಾರೆ! ಇಲ್ಲಿ ಹಾಗೆ ಕಳಿಸಿದರೆ ಗ್ರೂಪಿನಲ್ಲಿ ನಮ್ಮ ಗತಿ ಏನಾಗಬಹುದು ಅಂತ ಯೋಚಿಸಿ.

ನಮ್ಮಲ್ಲೂ ಕ್ರೆಶ್‌ಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಕನಿಷ್ಠ ಮಾರ್ಗಸೂಚಿ ಹೊರಡಿಸಿದೆ. ಮೇಡಂ ಹತ್ತಿರ ಹೋಗುವಾಗ ಅದರ ಪ್ರಿಂಟ್ ಕೈಲಿರಲಿ. ತೋರಿಸಿ ಹೆದರಿಸಲು ಅಲ್ಲ, ಮಾತು ಶುರು ಮಾಡಲು.


ಬಾಣೇರ್ ಅಮ್ಮ:

ಆಜಿ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗಳಿಗೆ ಎಚ್‌ಎಫ್‌ಎಂಡಿ ಬಂದು ಹೋಗಿ ತಿಂಗಳ ಮೇಲಾಯಿತು. ಈಗ ಕೈ ಉಗುರು ಬುಡದಿಂದ ಎದ್ದು ಬರುತ್ತಿದೆ. ಡೇಕೇರ್‌ನಲ್ಲಿ "ಇನ್ನೂ ವಾಸಿ ಆಗಿಲ್ಲ" ಅಂತ ಸೇರಿಸುತ್ತಿಲ್ಲ. ಇದು ಅಂಟುತ್ತಾ?


ಕೋಥರೂಡ್ ಆಜಿ:

ಉಗುರು ಬಿದ್ದರೆ ಅಂಟುವುದಿಲ್ಲ ತಂಗಿ. ಆ ರೋಗ ಬಂದುಹೋದ ಕೆಲವು ವಾರಕ್ಕೆ ಕೆಲವು ಮಕ್ಕಳಿಗೆ ಹೀಗೆ ಉಗುರು ಕಳಚುತ್ತೆ, ಕೆಳಗಿನಿಂದ ಹೊಸದು ಬರುತ್ತೆ. ಎಳೆದು ಕೀಳಬೇಡ, ಬಟ್ಟೆಗೆ ಸಿಕ್ಕಿಕೊಳ್ಳುವ ತುದಿ ಮಾತ್ರ ಕತ್ತರಿಸು. ಡಾಕ್ಟರ್ ಹತ್ತಿರ ಒಂದು ಸಾಲು ಬರೆಸಿಕೊಂಡು ತೋರಿಸು, ವಾದ ಮಾಡುತ್ತ ಕೂರಬೇಡ.

ಅವರಿಗೆ ಹೇಳಬೇಕಾದದ್ದು ಬೇರೆ ಇದೆ. ಆ ವೈರಸ್ ಮಗು ಹುಷಾರಾದ ಮೇಲೂ ವಾರಗಟ್ಟಲೆ ಕಕ್ಕಸಿನಲ್ಲಿ ಹೋಗುತ್ತಿರುತ್ತೆ. ಅಷ್ಟು ದಿನ ಯಾರ ಮಗುವನ್ನೂ ಮನೆಯಲ್ಲಿ ಇಟ್ಟುಕೊಳ್ಳಲು ಆಗಲ್ಲ. ಅದಕ್ಕೇ ಡಯಾಪರ್ ಬದಲಿಸಿದವರು ಸೋಪು ಹಚ್ಚಿ ನೀರಲ್ಲಿ ಕೈ ತೊಳೆಯಬೇಕು. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ನೇತುಹಾಕಿದರೆ ಸಾಲದು, ಈ ವೈರಸ್‌ಗೆ ಅದು ಅಷ್ಟು ನಾಟುವುದಿಲ್ಲ. ಡೇಕೇರ್ ನೋಡಲು ಹೋದಾಗ ಕಾರ್ಟೂನ್ ಬಿಡಿಸಿದ ಗೋಡೆ ಆಮೇಲೆ ನೋಡಿ, ಮೊದಲು ಡಯಾಪರ್ ಬದಲಿಸುವ ಜಾಗದ ಪಕ್ಕ ನಲ್ಲಿ ಇದೆಯಾ, ಸೋಪು ಒದ್ದೆ ಇದೆಯಾ ನೋಡಿ.


ವಾಕಡ್ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಆಜಿ, ನಿಮ್ಮ ಮಾತು ಓದಿ ಡಾಕ್ಟರಿಗೆ ಫೋನ್ ಮಾಡಿದೆ. ಸಿರಪ್ ಬಗ್ಗೆ ಅವರೂ ಅದನ್ನೇ ಹೇಳಿದರು. ಸ್ಪ್ರೇ ಎಷ್ಟು ಸಲ, ಯಾವಾಗ ಅಂತ ಪ್ರತ್ಯೇಕ ಚೀಟಿ ಬರೆದುಕೊಟ್ಟರು.

ಮೇಡಂ ಹತ್ತಿರ ಹೋಗಿದ್ದೆ. ಹಾಳೆ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಹೇಳಿದ್ದು, ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಮಗುವಿಗೆ ಫಿಟ್ಸ್ ಬಂದಾಗ ಅವರೊಬ್ಬರೇ ಇದ್ದರಂತೆ, ಏನು ಮಾಡಬೇಕು ಅಂತ ಗೊತ್ತಿರಲಿಲ್ಲವಂತೆ. ಸ್ಪ್ರೇಗೆ, 108ಕ್ಕೆ ಒಪ್ಪಿದರು. ಸಿರಪ್‌ಗೆ ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ನಮ್ಮ ಮಹಡಿಯ ಕಾಕೂ ಫೋಟೊ ಕೊಟ್ಟು ಬಂದೆ, ಅವರು ಹತ್ತು ನಿಮಿಷದಲ್ಲಿ ನಡೆದುಕೊಂಡೇ ಹೋಗಬಹುದು. ಜವಾಬ್ದಾರಿ ಅಲ್ಲ ಅನ್ನುವ ಆ ಕಾಗದದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಶನಿವಾರ ನಮ್ಮವರಿಗೆ ರಜೆ. ಇಬ್ಬರೂ ಗೊಂಬೆ ತೆಗೆದುಕೊಂಡು ಹೋಗುತ್ತೇವೆ. ಅಲ್ಲಿಯ ಮಾವಶಿ ಸೋಲಾಪುರದವಳು, ಕನ್ನಡ ಅರ್ಥವಾಗುತ್ತೆ ಅಂತ ಇವತ್ತೇ ಗೊತ್ತಾಗಿದ್ದು. ಹಾಳೆ ಮರಾಠಿಯಲ್ಲೇ ಬರೆಯುತ್ತೇನೆ, ತೋರಿಸುವಾಗ ಕನ್ನಡದಲ್ಲಿ ಮಾತಾಡುತ್ತೇನೆ.

ಮೂಗು ಸೋರುವ ನಿಯಮ ಹಾಗೇ ಇದೆ. ಇನ್ನಿಬ್ಬರು ಅಮ್ಮಂದಿರೂ ಅದಕ್ಕೇ ಕಾಯುತ್ತಿದ್ದಾರೆ, ಸೋಮವಾರ ಮೂವರೂ ಒಟ್ಟಿಗೆ ಹೋಗಿ ಕೇಳುತ್ತೇವೆ. ಆಜಿ, ಕೆಂಪು ನೇಲ್ ಪಾಲಿಶ್ ಸಿರಿಂಜು ತೊಳೆದರೆ ಹೋಗಲ್ವಾ?


ಕೋಥರೂಡ್ ಆಜಿ:

ಬಿಸಿನೀರಲ್ಲಿ ಮೆಲ್ಲಗೆ ಏಳುತ್ತೆ. ಒಣಗಿದ ಮೇಲೆ ಇನ್ನೊಂದು ಕೋಟ್ ಹಾಕು, ಮೇಲೆ ಪಾರದರ್ಶಕ ಟೇಪ್ ಸುತ್ತು. ಗೆರೆ ಮಾಸಿದ್ದು ಕಂಡರೆ ಆ ಸಿರಿಂಜು ಎಸೆದು ಹೊಸದು ತಾ, ಹತ್ತು ರೂಪಾಯಿ ಸಾಮಾನು. ಸೋಮವಾರ ಏನಾಯಿತು ಅಂತ ಇಲ್ಲೇ ಬರೆ.